ಭೀತಿಯ ಆಳ್ವಿಕೆಗೆ ಕಾರಣಗಳು: ಪ್ಯಾರಿಸ್, ಹಲಗಲಿ, ನರಗುಂದ

ಫ್ರಾನ್ಸಿನ ಮಹಾಕ್ರಾಂತಿಯೆಂದೊಡನೆ ಎರಡು ಚಿತ್ರಗಳು ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಒಂದು, 1789ರ ಮಾನವ ಹಕ್ಕುಗಳ ಘೋಷಣೆ; ಇನ್ನೊಂದು, 1793-94ರ ಗಿಲೋಟಿನ್ ಯಂತ್ರ. ಅಪರಾಧ ಸಿದ್ಧವಾಗುವವರೆಗೂ ಪ್ರತಿಯೊಬ್ಬನೂ ನಿರಪರಾಧಿಯೆಂದು ಸಾರಿದ ನಾಡಿನಲ್ಲಿಯೇ, ನಾಲ್ಕು ವರ್ಷಗಳ ತರುವಾಯ, ಬರಿಯ ಸಂಶಯವೇ ಸೆರೆಮನೆಗೆ ತಳ್ಳಲು ಸಾಕಾಯಿತು. ಇದಕ್ಕೆ ರೋಬೆಸ್ಪಿಯರನ ಕ್ರೌರ್ಯವೇ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಒಬ್ಬನ ಸ್ವಭಾವದಿಂದಲೇ ಒಂದು ರಾಷ್ಟ್ರದ ನ್ಯಾಯವ್ಯವಸ್ಥೆಯೆಲ್ಲ ಮಾರ್ಪಡಲಾರದು. ಆದುದರಿಂದ ನಿಜವಾದ ಕಾರಣಗಳನ್ನು ಬೇರೆಡೆಯಲ್ಲಿ ಹುಡುಕಬೇಕಾಗಿದೆ.

ಮೊದಲನೆಯ ಕಾರಣ ಯುದ್ಧಭೀತಿ. 1792ರಲ್ಲಿ ಆಸ್ಟ್ರಿಯದೊಡನೆ ಆರಂಭವಾದ ಯುದ್ಧಕ್ಕೆ 1793ರಲ್ಲಿ ಇಂಗ್ಲೆಂಡ್, ಹಾಲೆಂಡ್, ಸ್ಪೇನ್ ದೇಶಗಳೂ ಸೇರಿದವು. ಅದೇ ವರ್ಷದ ಮಾರ್ಚಿಯಲ್ಲಿ ಪಶ್ಚಿಮದ ವಾಂದೇ ಪ್ರಾಂತದ ರೈತರು ದಂಗೆಯೆದ್ದರು. ಆಗಸ್ಟಿನಲ್ಲಿ ಟೂಲೋನ್ ಬಂದರು ಇಂಗ್ಲಿಷರ ನೌಕಾಪಡೆಯ ಕೈಸೇರಿತು. ರಾಜಧಾನಿಯಲ್ಲಿ ರೊಟ್ಟಿಗೆ ಅಭಾವ. ಹೊರಗಿನ ಶತ್ರುವಿಗೆ ಒಳಗಿನವರೇ ಬಾಗಿಲು ತೆರೆಯುವರೆಂಬ ಅಂಜಿಕೆ ಪೂರ್ತಿ ಆಧಾರವಿಲ್ಲದ್ದೇನೂ ಆಗಿರಲಿಲ್ಲ.

ಎರಡನೆಯ ಕಾರಣ ಕಾಯಿದೆಯ ಅಳತೆಗೋಲು ಬದಲಾದದ್ದು. 1793ರ ಸೆಪ್ಟೆಂಬರ್ 17ರ ಸಂಶಯಿತರ ಕಾಯಿದೆಯ ಪ್ರಕಾರ ಒಬ್ಬನ ನಡತೆ, ಸಂಬಂಧ, ಮಾತು, ಬರಹ ಇವುಗಳಲ್ಲಿ ಯಾವುದಾದರೂ ಅವನನ್ನು ಬಂಧಿಸಲು ಸಾಕಾಗುತ್ತಿತ್ತು. "ಇವನು ಏನು ಮಾಡಿದನು?" ಎಂಬ ಪ್ರಶ್ನೆ ಹಿಂದೆ ಸರಿದು "ಇವನು ಎಂಥವನು?" ಎಂಬ ಪ್ರಶ್ನೆ ಮುಂದೆ ಬಂದಿತು.

ಮೂರನೆಯದು ಅಧಿಕಾರದ ಕೇಂದ್ರೀಕರಣ. 1793ರ ಏಪ್ರಿಲಿನಲ್ಲಿ ಸ್ಥಾಪಿತವಾದ ಸಾರ್ವಜನಿಕ ರಕ್ಷಣಾ ಸಮಿತಿಯ ಕೈಗೆ ಆಡಳಿತದ ಸೂತ್ರಗಳೆಲ್ಲ ಸೇರಿದವು. ಜನರು ಒಪ್ಪಿದ್ದ ಹೊಸ ಸಂವಿಧಾನವನ್ನು ಶಾಂತಿ ನೆಲಸುವವರೆಗೆ ಬದಿಗಿಡಲಾಯಿತು.

ಈ ಮೂರರಲ್ಲಿ ಯಾವುದು ಹೆಚ್ಚಿನದು? 1935ರಲ್ಲಿ ಡೊನಾಲ್ಡ್ ಗ್ರೀರ್ ಎಂಬ ಅಮೆರಿಕದ ಇತಿಹಾಸಕಾರರು ಮರಣದಂಡನೆಗಳ ಲೆಕ್ಕ ತೆಗೆದರು. ವಿಧಿಸಲ್ಪಟ್ಟ ಸುಮಾರು 17,000 ಮರಣದಂಡನೆಗಳಲ್ಲಿ ಬಹುಪಾಲು ಅಂತರ್ಯುದ್ಧ ನಡೆದ ಪ್ರಾಂತಗಳವು. ಸತ್ತವರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚಿನವರು ಸರದಾರರೂ ಅಲ್ಲ, ಪಾದ್ರಿಗಳೂ ಅಲ್ಲ, ಸಾಮಾನ್ಯ ಜನರು. ಇದನ್ನು ನೋಡಿದರೆ ಯುದ್ಧಭೀತಿಯೇ ಮೂಲವೆಂದು ತೋರುತ್ತದೆ. ಆದರೆ 1794ರ ಜೂನ್ 10ರಂದು ಆರೋಪಿಗೆ ವಕೀಲನಿಲ್ಲ, ಬಿಡುಗಡೆ ಇಲ್ಲವೆ ಮರಣ, ಬೇರೆ ತೀರ್ಪಿಲ್ಲ ಎಂಬ ಕಾಯಿದೆ ಬಂದಿತು. ಜೂನ್ 26ರಂದು ಫ್ಲೂರಸ್ ಕಾಳಗದಲ್ಲಿ ಫ್ರೆಂಚರು ಗೆದ್ದರು. ಗಡಿಯ ಗಂಡಾಂತರ ಕಳೆಯಿತು. ಆದರೂ ಆ ಏಳು ವಾರಗಳಲ್ಲಿ ಪ್ಯಾರಿಸ್ ಒಂದರಲ್ಲೇ 1,300ಕ್ಕೂ ಹೆಚ್ಚು ಮಂದಿ ಹತರಾದರು. ಭೀತಿಯ ಆಳ್ವಿಕೆಯನ್ನು ಹುಟ್ಟಿಸಿದ್ದು ಅಪಾಯ. ಅಪಾಯ ಕಳೆದ ಮೇಲೂ ಅದನ್ನು ಬೆಳೆಸಿದ್ದು ಅಂಕೆಯಿಲ್ಲದ ಕಾಯಿದೆ.

ಇದು ಕ್ರಾಂತಿಕಾರರಿಗೆ ಮಾತ್ರ ತಗಲುವ ರೋಗವೆಂದು ಕೆಲವರು ವಾದಿಸುವುದುಂಟು. ಈ ವಾದವನ್ನು ಕ್ರಾಂತಿಕಾರರಲ್ಲದವರು ಆಳಿದ ನಾಡಿನಲ್ಲಿ ಪರೀಕ್ಷಿಸಬೇಕು. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. 1857ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ಸಿಪಾಯಿಗಳು ದಂಗೆಯೆದ್ದಾಗ ಕಂಪನಿ ಸರ್ಕಾರವೂ ಅಂಜಿತು; ಅದೂ ವಿಶೇಷ ಕಾಯಿದೆಗಳನ್ನು ಮಾಡಿತು; ಜನರ ಆಯುಧಗಳನ್ನು ಕಸಿಯಹೊರಟಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಬದುಕು, ಮಾನ ಎರಡೂ ಆಗಿತ್ತು. ಅವರು ಕೊಡಲೊಪ್ಪಲಿಲ್ಲ. ನವೆಂಬರ್ ತಿಂಗಳ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕ ಸುಮಾರು 290 ಮಂದಿಯಲ್ಲಿ 19 ಜನರಿಗೆ ಗಲ್ಲಾಯಿತು. ಹದಿಮೂವರನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, ಆರು ಮಂದಿಯನ್ನು 14ರಂದು ಹಲಗಲಿಯಲ್ಲಿಯೇ ಗಲ್ಲಿಗೇರಿಸಿದರು. ಮುಧೋಳದಲ್ಲಿ ಅಂದು ಸಂತೆಯ ದಿನ. ಆ ದಿನವನ್ನೇ ಆರಿಸಿದ ಉದ್ದೇಶ ಸತ್ತವರನ್ನು ಶಿಕ್ಷಿಸುವುದಕ್ಕಿಂತ ಬದುಕಿದವರನ್ನು ಅಂಜಿಸುವುದಾಗಿತ್ತೆಂದು ಬೇರೆ ಹೇಳಬೇಕೆ?

ನರಗುಂದದ ಕಥೆ ನಮಗೆ ಇನ್ನೂ ಹತ್ತಿರದ್ದು. ನಮ್ಮ ಯಲವಿಗಿಯಂತೆಯೇ ಅದೂ 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿತ್ತು. ಅಲ್ಲಿಯ ಸಂಸ್ಥಾನಿಕ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರಿಗೆ ದತ್ತು ತೆಗೆದುಕೊಳ್ಳಲು ಕಂಪನಿಯು ಒಪ್ಪಿಗೆ ಕೊಡಲಿಲ್ಲ. ಮೇಲಾಗಿ ಅವರ ತೋಪುಗಳನ್ನೂ ಕೇಳಿತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು. ಅವನ ತಲೆಯನ್ನು ನರಗುಂದದ ಅಗಸೆಗೆ ತೂಗುಹಾಕಲಾಯಿತು. ಎರಡು ವಾರಗಳಲ್ಲಿ, ಜೂನ್ 12ರಂದು, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ದಬ್ಬಾಳಿಕೆಗೆ ಒಳಗಾದವರ ಪಕ್ಷವನ್ನು ಹಿಡಿಯುವ ನಾವು ಆ ಅಗಸೆಯ ತಲೆಯನ್ನು ಮರೆಮಾಚಬಾರದು. ಅಂಜಿಕೆಯಿಂದ ಆಳುವ ವಿದ್ಯೆಯನ್ನು ಎರಡೂ ಪಕ್ಷದವರು ಬಲ್ಲವರಾಗಿದ್ದರು.

ಹೀಗೆ ಪ್ಯಾರಿಸಿಗೂ ಹಲಗಲಿಗೂ ಸಾಮ್ಯವಿದೆ. ಒಂದೆಡೆ ಪ್ರಜೆಗಳ ಹೆಸರು, ಇನ್ನೊಂದೆಡೆ ಶಾಂತಿಪಾಲನೆಯ ಹೆಸರು; ಅಪಾಯ, ವಿಶೇಷ ಕಾಯಿದೆ, ಪ್ರಶ್ನಿಸಲಾಗದ ಅಧಿಕಾರ ಎರಡೆಡೆಯಲ್ಲೂ ಒಂದೇ. ಆದರೆ ಒಂದು ಭೇದವನ್ನು ಗಮನಿಸಬೇಕು. 1794ರ ಜುಲೈ 27ರಂದು ಜನಪ್ರತಿನಿಧಿಗಳ ಸಭೆಯೇ ರೋಬೆಸ್ಪಿಯರನನ್ನು ಬಂಧಿಸಲು ನಿರ್ಣಯಿಸಿತು. ಮರುದಿನ ಅವನೂ ವಿಚಾರಣೆಯಿಲ್ಲದೆ ಗಿಲೋಟಿನ್ನಿಗೆ ಹೋದನೆಂಬುದು ನಿಜ. ಆದರೂ ಭೀತಿಯ ಆಳ್ವಿಕೆಯನ್ನು ತಡೆಯಬಲ್ಲ ಒಂದು ಸಭೆ ಅಲ್ಲಿತ್ತು. ಹಲಗಲಿಯವರಿಗೆ ಅಂಥ ಸಭೆ ಇರಲಿಲ್ಲ. ಅವರಿಗೆ ಉಳಿದದ್ದು ಲಾವಣಿ ಮಾತ್ರ.

ನಮಗೆ ಸಭೆಯೂ ಇದೆ, ಸಂವಿಧಾನವೂ ಇದೆ. ಆದರೂ 1975ರ ತುರ್ತು ಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಜನರನ್ನು ಸೆರೆಗೆ ಹಾಕಲಾಯಿತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ರಕ್ಷಣೆಯನ್ನು ಅಂಥ ಕಾಲದಲ್ಲಿಯೂ ಅಮಾನತಿನಲ್ಲಿ ಇಡಕೂಡದೆಂದು 1978ರ 44ನೆಯ ತಿದ್ದುಪಡಿ ವಿಧಿಸಿದ್ದು ಆ ಅನುಭವದಿಂದಲೇ. ಅಪಾಯದ ಕಾಲದಲ್ಲಿ ಸರ್ಕಾರ ಹೆಚ್ಚಿನ ಅಧಿಕಾರವನ್ನು ಕೇಳಿದಾಗ, ಆ ಅಧಿಕಾರ ಎಂದು ಮುಗಿಯುವುದು, ಅದನ್ನು ಯಾರು ಪ್ರಶ್ನಿಸಬಹುದು ಎಂದು ಕೇಳುವುದು ಇತಿಹಾಸವನ್ನು ಓದಿದ ವಿದ್ಯಾರ್ಥಿಯ ಕರ್ತವ್ಯ.