ಕುತ್ತಿಗೆಯಲ್ಲಿ ಗಂಟೇ? ಉಪ್ಪು ಬದಲಿಸುವ ಮುನ್ನ ಇದನ್ನು ಓದಿ

ಕುತ್ತಿಗೆಯಲ್ಲಿ ಗಂಟು ಕಂಡ ಕೂಡಲೇ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಬದಲಾಗುವುದು ಉಪ್ಪು. ‘ಥೈರಾಯ್ಡ್ ಇದ್ದವರು ಅಯೋಡಿನ್ ಉಪ್ಪು ತಿನ್ನಬಾರದಂತೆ’ ಎಂದು ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿರುತ್ತಾರೆ. ಪ್ಯಾಕೆಟ್ ಉಪ್ಪು ಹೋಗಿ ಸೈಂಧವ ಲವಣ ಬರುತ್ತದೆ, ಡಾಕ್ಟರ ಬಳಿ ಹೋಗುವುದು ಮಾತ್ರ ಮುಂದಕ್ಕೆ ಬೀಳುತ್ತದೆ. ಗದಗ ಜಿಲ್ಲೆಯ ಮಾಗಡಿ, ಶಿರಹಟ್ಟಿ, ಲಕ್ಷ್ಮೇಶ್ವರದ ಪರಿಚಯದ ಮನೆಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಸರಿಯಾದ ಕ್ರಮ ಇಲ್ಲಿದೆ.

ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸಲು ಅಯೋಡಿನ್ ಬೇಕು: ವಯಸ್ಕರಿಗೆ ದಿನಕ್ಕೆ 150 ಮೈಕ್ರೊಗ್ರಾಂ, ಗರ್ಭಿಣಿಯರಿಗೆ 250. ವರ್ಷಗಟ್ಟಲೆ ಕೊರತೆಯಾದರೆ ಗ್ರಂಥಿ ಹಿಗ್ಗಿ ಗಳಗಂಡವಾಗುತ್ತದೆ, ಅದರೊಳಗೆ ಗಂಟುಗಳು ಮೂಡುತ್ತವೆ. ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಲ್ಲಿ ಹಿಮಾಲಯದ ತಪ್ಪಲಿನ ಕಾಂಗ್ಡಾ ಕಣಿವೆಯಲ್ಲಿ ಆರಂಭಿಸಿದ ಪ್ರಯೋಗದಲ್ಲಿ, ಅಯೋಡಿನ್ ಸೇರಿಸಿದ ಉಪ್ಪು ತಿಂದ ಊರುಗಳಲ್ಲಿ ಗಳಗಂಡ ಇಳಿಯಿತು. 1962ರಲ್ಲಿ ಗಳಗಂಡ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಗಳಗಂಡ ಹಿಮಾಲಯದವರ ಕಾಯಿಲೆ ಎನ್ನಬೇಡಿ. ಮುಂದಿನ ಸಮೀಕ್ಷೆಗಳಲ್ಲಿ ಯಾವ ರಾಜ್ಯವೂ ಈ ಕೊರತೆಯಿಂದ ಹೊರತಾಗಿರಲಿಲ್ಲ.

1. ಕನ್ನಡಿಯಲ್ಲಿ ನೋಡಿ. ತಲೆ ತುಸು ಹಿಂದಕ್ಕೆ ಬಾಗಿಸಿ, ಒಂದು ಗುಟುಕು ನೀರು ನುಂಗಿ. ಗಂಟಲಮಣಿಯ ಕೆಳಗಿನ ಉಬ್ಬು ನುಂಗುವಾಗ ಮೇಲೆ ಕೆಳಗೆ ಸರಿದರೆ ಅದು ಥೈರಾಯ್ಡ್‌ನದಿರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ.

2. ಅಯೋಡಿನ್ ಉಪ್ಪು ಬಿಡಬೇಡಿ. ಜನ ಹೆಚ್ಚು ಎಡವುವುದು ಇಲ್ಲೇ. ಸೈಂಧವ ಲವಣ, ಗುಲಾಬಿ ಉಪ್ಪು, ಚೀಲದಲ್ಲಿ ಬಿಡಿಯಾಗಿ ಮಾರುವ ಹರಳುಪ್ಪು, ಇವು ‘ನೈಸರ್ಗಿಕ’ ಎನಿಸಿಕೊಂಡರೂ ಅಯೋಡಿನ್ ಬೆರೆಸದಿದ್ದರೆ ಈ ಕೆಲಸಕ್ಕೆ ಬರುವುದಿಲ್ಲ. ಪ್ಯಾಕೆಟ್ ಮೇಲೆ ನಗುವ ಸೂರ್ಯನ ಚಿಹ್ನೆ ಮತ್ತು ‘ಅಯೋಡಿನ್‌ಯುಕ್ತ’ ಎಂಬ ಪದ ಎರಡೂ ಇವೆಯೇ ನೋಡಿ. ಗಂಟು ಇದೆ ಎಂಬ ಒಂದೇ ಕಾರಣಕ್ಕೆ ಇದನ್ನು ಬಿಡುವಂತಿಲ್ಲ. ರೇಡಿಯೊ ಅಯೋಡಿನ್ ಚಿಕಿತ್ಸೆಗೆ ಮುನ್ನ ಕೆಲವು ದಿನ ಅಯೋಡಿನ್ ಕಡಿಮೆ ಮಾಡಿಸುತ್ತಾರೆ. ಅದನ್ನು ವೈದ್ಯರೇ ಹೇಳುತ್ತಾರೆ, ಎಷ್ಟು ದಿನ ಎಂದೂ ಅವರೇ ತಿಳಿಸುತ್ತಾರೆ.

ಹಾಗೆಂದು ಹೆಚ್ಚು ಉಪ್ಪು ತಿಂದರೆ ಗಂಟು ಕರಗುತ್ತದೆ ಎಂಬುದೂ ಸುಳ್ಳು. ವಯಸ್ಕರಲ್ಲಿ ಬಲಿತ ಗಂಟು ಉಪ್ಪಿನಿಂದ ಮಾಯವಾಗದು. ಬಹುಕಾಲದ ಗಳಗಂಡವಿರುವ ಹಿರಿಯರಿಗೆ ಒಮ್ಮೆಲೇ ಹೆಚ್ಚು ಅಯೋಡಿನ್ ಸೇರಿದರೆ ಥೈರಾಯ್ಡ್ ವಿಪರೀತ ಚುರುಕಾಗಿ ಎದೆಬಡಿತ ಏರಬಹುದು. ಹಾಗಾಗಿ ಅಯೋಡಿನ್ ಇರುವ ಕಡಲಕಳೆಯ ಮಾತ್ರೆಗಳನ್ನು ತಾವಾಗಿ ನುಂಗಬೇಡಿ. ಅಯೋಡಿನ್ ಇರುವ ಬಣ್ಣದ ಔಷಧ ಚುಚ್ಚಿ ಸಿ.ಟಿ. ಸ್ಕ್ಯಾನ್ ಮಾಡುವುದಿದ್ದರೆ ಗಂಟಿನ ವಿಷಯ ಮೊದಲೇ ಹೇಳಿ.

ಈ ಉಪ್ಪು ತಿನ್ನಬಹುದೇ ಎಂದು ರಕ್ತದೊತ್ತಡ ಇದ್ದವರೂ ಕೇಳುತ್ತಾರೆ. ಉತ್ತರ ಸರಳ: ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ ಮೀರದಿರಲಿ, ತಿನ್ನುವಷ್ಟು ಉಪ್ಪೂ ಅಯೋಡಿನ್‌ಯುಕ್ತವಾಗಿರಲಿ.

3. ಉಪ್ಪನ್ನು ಒಲೆಯಿಂದ ದೂರ ಇಡಿ. ಗ್ರಾಹಕರ ಕೈಗೆ ಬರುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕು, ಅಂದರೆ ಗ್ರಾಂಗೆ 15 ಮೈಕ್ರೊಗ್ರಾಂ. ಅಷ್ಟೇ ಇದ್ದರೆ 5 ಗ್ರಾಂ ಉಪ್ಪಿನಿಂದ ಸಿಗುವುದು 75, ದಿನದ ಅರ್ಧ ಪಾಲು. ಉಳಿದದ್ದು ಹಾಲು, ಮೊಟ್ಟೆ, ಮೀನಿನಂಥವುಗಳಿಂದ ಬರಬೇಕು. ಒಲೆಯ ಪಕ್ಕ ಬಾಯಿ ತೆರೆದ ಗಡಿಗೆಯಲ್ಲಿಟ್ಟು, ಒದ್ದೆ ಕೈ ಹಾಕಿ ತೆಗೆದರೆ ಉಪ್ಪಿನ ಈ ಅಯೋಡಿನ್ ಕೂಡ ಸೋರಿಹೋಗುತ್ತದೆ. ಮುಚ್ಚಳದ ಡಬ್ಬಿ, ಒಣ ಚಮಚ ಇರಲಿ. ಸಾರನ್ನು ಒಲೆಯಿಂದ ಇಳಿಸುವ ತುಸು ಮುಂಚೆ ಉಪ್ಪು ಹಾಕಿ. ಹರಳುಪ್ಪನ್ನು ತೊಳೆಯಬೇಡಿ.

ಮಾಗಡಿ ಕೆರೆಗೆ ಹೆಬ್ಬಾತುಗಳು ಬರುವ ಚಳಿಗಾಲ ನಮ್ಮಲ್ಲಿ ಸಜ್ಜೆ ರೊಟ್ಟಿಯ ಕಾಲ. ಸಜ್ಜೆಯಲ್ಲಿ ಥೈರಾಯ್ಡ್‌ಗೆ ಅಡ್ಡಿಯಾಗುವ ಅಂಶಗಳಿವೆ. ಸಜ್ಜೆಯೇ ಮುಖ್ಯ ಆಹಾರವಾಗಿದ್ದ ಸೂಡಾನಿನ ಡಾರ್ಫುರ್‌ನ ಗಳಗಂಡದ ಅಧ್ಯಯನಗಳು ಇದನ್ನು ಗುರುತಿಸಿದವು. ರೊಟ್ಟಿ ಬಿಡಬೇಕಿಲ್ಲ, ಜೋಳದ ಜೊತೆ ಬದಲಿಸಿ ತಿನ್ನಿ, ಅಯೋಡಿನ್ ಉಪ್ಪು ತಪ್ಪಿಸಬೇಡಿ.

4. ಥೈರಾಯ್ಡ್‌ನ ಟಿಎಸ್‌ಎಚ್ ರಕ್ತ ಪರೀಕ್ಷೆ, ಜೊತೆಗೆ ಕುತ್ತಿಗೆಯ ಅಲ್ಟ್ರಾಸೌಂಡ್. ಗಂಟು ಕೈಗೆ ಸಿಕ್ಕವರಿಗೆ ಎರಡೂ ಬೇಕು. ಟಿಎಸ್‌ಎಚ್ ಸರಿಯಿದ್ದ ಮಾತ್ರಕ್ಕೆ ಗಂಟು ನಿರಪಾಯ ಎಂದಲ್ಲ. ಯಾವ ತೊಂದರೆಯೂ ಇಲ್ಲದವರು ‘ಪ್ಯಾಕೇಜ್’ ಎಂದು ಕುತ್ತಿಗೆ ಸ್ಕ್ಯಾನ್ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ಹೀಗೆ ಹುಡುಕಿದ್ದರಿಂದ 1993ರಿಂದ 2011ರ ನಡುವೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ ಸುಮಾರು 15 ಪಟ್ಟು ಏರಿತು, ಸಾವು ಇಳಿಯಲಿಲ್ಲ.

5. ವೈದ್ಯರು ಹೇಳಿದರೆ ಸೂಜಿ ಪರೀಕ್ಷೆ (ಎಫ್‌ಎನ್‌ಎಸಿ). ಅಲ್ಟ್ರಾಸೌಂಡ್ ವರದಿಯಲ್ಲಿ ಟಿರಾಡ್ಸ್ 1ರಿಂದ 5ರವರೆಗೆ ಅಂಕೆ ಇರುತ್ತದೆ. ಅಂಕೆ ಏರಿದಷ್ಟೂ ಅನುಮಾನ ಹೆಚ್ಚು. ಅದನ್ನೂ ಗಾತ್ರವನ್ನೂ ನೋಡಿ ಎಫ್‌ಎನ್‌ಎಸಿ ಹೇಳುತ್ತಾರೆ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ.

ಧ್ವನಿ ಒಡೆದರೆ, ನುಂಗಲು ಉಸಿರಾಡಲು ಕಷ್ಟವಾದರೆ, ಗಂಟು ಬೇಗ ಬೆಳೆದರೆ ಕಾಯದೆ ಗದಗದ ಜಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಹೋಗಿ. ಹಳೆಯ ವರದಿಗಳನ್ನು ಎಸೆಯಬೇಡಿ. ಗಂಟು ಬೆಳೆದಿದೆಯೋ ಇಲ್ಲವೋ ಎಂದು ಹೇಳುವುದು ಅವೇ.