ಶ್ರೀಲಂಕೆಯ ಪ್ರವಾಸೋದ್ಯಮ

ಪರದೇಶಗಳಿಂದ ಇಂಧನ, ಔಷಧಿ, ಯಂತ್ರಗಳನ್ನು ತರಿಸಿಕೊಳ್ಳುವ ದೇಶಕ್ಕೆ ವಿದೇಶಿ ವಿನಿಮಯವು ಅತ್ಯಗತ್ಯ. ಅದನ್ನು ಗಳಿಸಲು ಸಾಮಾನ್ಯವಾಗಿ ಸರಕುಗಳನ್ನು ಹಡಗೇರಿಸಿ ಕಳುಹಿಸಬೇಕು. ಪ್ರವಾಸೋದ್ಯಮದಲ್ಲಾದರೋ ಕೊಳ್ಳುವವನೇ ಮನೆಬಾಗಿಲಿಗೆ ಬರುತ್ತಾನೆ. ನಮ್ಮ ನೆರೆಯ ಶ್ರೀಲಂಕೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಚಹಾ, ಸಿದ್ಧ ಉಡುಪು ಹಾಗೂ ಹೊರನಾಡುಗಳಲ್ಲಿ ದುಡಿಯುವವರು ಕಳುಹಿಸುವ ಹಣದಂತೆಯೇ ಪ್ರವಾಸೋದ್ಯಮವೂ ಆ ದ್ವೀಪಕ್ಕೆ ಆಧಾರಸ್ತಂಭ. ಐದನೆಯ ಶತಮಾನದಲ್ಲಿ ಕಾಶ್ಯಪನೆಂಬ ಅರಸನು ಹೆಬ್ಬಂಡೆಯ ಮೇಲೆ ಅರಮನೆ ಕಟ್ಟಿಸಿದ ಸಿಗಿರಿಯ, ಬೋಧಿವೃಕ್ಷವಿರುವ ಅನುರಾಧಪುರ, ಬುದ್ಧನ ದಂತಧಾತುವನ್ನು ಪೂಜಿಸುವ ಕ್ಯಾಂಡಿ, ಡಚ್ಚರು ಬಲಪಡಿಸಿದ ಗಾಲ್ ಕೋಟೆ, ಚಿರತೆಗಳಿಗೆ ಹೆಸರಾದ ಯಾಲದ ಅರಣ್ಯ – ಇವುಗಳನ್ನು ಕಾಣಲು 2018ರಲ್ಲಿ 23 ಲಕ್ಷಕ್ಕೂ ಹೆಚ್ಚು ವಿದೇಶಿಯರು ಬಂದರು. ಅವರು ತೆತ್ತ ಹಣವು ಹೋಟೆಲಿನ ಒಡೆಯನಲ್ಲಿಯೇ ನಿಲ್ಲದೆ ಅಡಿಗೆಯವನಿಗೂ ವಾಹನ ಚಾಲಕನಿಗೂ ಮೀನುಗಾರನಿಗೂ ತರಕಾರಿ ಬೆಳೆಯುವ ರೈತನಿಗೂ ಹಂಚಿಹೋಗುತ್ತದೆ.

ಆದರೆ ಈ ಸಂಪಾದನೆ ಬಲು ಸೂಕ್ಷ್ಮವಾದುದು. 2019ರ ಈಸ್ಟರ್ ಹಬ್ಬದಂದು ಚರ್ಚುಗಳಲ್ಲಿಯೂ ಹೋಟೆಲುಗಳಲ್ಲಿಯೂ ಬಾಂಬುಗಳು ಸಿಡಿದು 250ಕ್ಕೂ ಹೆಚ್ಚು ಜನರು ಮಡಿದರು. ಪ್ರವಾಸಿಗರು ಹಿಂಜರಿದರು. ಮರುವರ್ಷ ಕೋವಿಡ್ ವ್ಯಾಧಿಯು ವಿಮಾನ ನಿಲ್ದಾಣಗಳನ್ನೇ ಮುಚ್ಚಿಸಿತು. ಸಾಲದ ಹೊರೆ ಹಾಗೂ ಆಡಳಿತದ ತಪ್ಪು ನಿರ್ಧಾರಗಳೊಡನೆ ಈ ನಷ್ಟವೂ ಕೂಡಿಕೊಂಡು 2022ರಲ್ಲಿ ವಿನಿಮಯದ ಬೊಕ್ಕಸ ಬರಿದಾಯಿತು. ಪೆಟ್ರೋಲು, ಅಡಿಗೆ ಅನಿಲಗಳಿಗಾಗಿ ಜನರು ದಿನಗಟ್ಟಲೆ ಸಾಲಿನಲ್ಲಿ ನಿಂತರು. 2024ರಲ್ಲಿ ಪ್ರವಾಸಿಗರ ಸಂಖ್ಯೆ ಮತ್ತೆ 20 ಲಕ್ಷವನ್ನು ದಾಟಿತು.

ಕೋಟೆ, ಕಡಲು, ಕಾಡುಗಳಿದ್ದ ಮಾತ್ರಕ್ಕೆ ಅತಿಥಿಗಳು ಬಾರರು. ನಾಡಿನಲ್ಲಿ ಶಾಂತಿ ನೆಲೆಸಿರಬೇಕು. ಹಾಗೆಯೇ, ಅತಿಥಿಗಳು ಬಾರದ ವರ್ಷದಲ್ಲಿಯೂ ಉಣ್ಣಲು, ಉಡಲು ಸಾಲುವಷ್ಟನ್ನು ದೇಶವು ತಾನೇ ದುಡಿದು ಗಳಿಸುವಂತಿರಬೇಕು.