ಕಾರಣ ಕೇಳಿದೊಡನೆ ತಲೆಯಾಡಿಸಬೇಡ

ನಿನ್ನ ಬುದ್ಧಿ ಚುರುಕು, ಮಗು. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಯಾರಾದರೂ "ಯಾಕೆಂದರೆ" ಎಂದು ಬಾಯಿ ತೆರೆದರೆ ಸಾಕು, ಮಾತು ಮುಗಿಯುವ ಮೊದಲೇ ತಲೆಯಾಡಿಸಿಬಿಡುತ್ತೀಯೆ. ಹಸಿ ಸುಳ್ಳಿಗೆ ನೀನು ಬೀಳುವುದಿಲ್ಲ. ಕಾರಣ ಕೊಟ್ಟು ಹೇಳುವ ಸುಳ್ಳಿಗೆ ಮಾತ್ರ ಸಲೀಸಾಗಿ ಸಿಕ್ಕಿಬೀಳುತ್ತೀಯೆ.

ಕಾರಣದಂತೆ ಕಾಣುತ್ತದೆ, ಕಾರಣವಲ್ಲ. ಇದಕ್ಕೆ ಹಿರಿಯರು ಇಟ್ಟ ಹೆಸರು ಹೇತ್ವಾಭಾಸ. ಗೌತಮನ ನ್ಯಾಯಸೂತ್ರ ಇದರಲ್ಲಿ ಐದು ಬಗೆ ಹೇಳುತ್ತದೆ. ಐದನ್ನೂ ಬಾಯಿಪಾಠ ಮಾಡು ಎನ್ನುವುದಿಲ್ಲ, ಮೊದಲನೆಯದನ್ನಾದರೂ ಗಟ್ಟಿಮಾಡಿಕೊ. ಅದು ಸವ್ಯಭಿಚಾರ: ಕೊಟ್ಟ ಕಾರಣ ಈ ಕಡೆಗೂ ಸಲ್ಲುತ್ತದೆ, ಆ ಕಡೆಗೂ ಸಲ್ಲುತ್ತದೆ. "ಹುಡುಗ ಕಾಲಿಗೆ ಬೀಳುತ್ತಾನೆ, ಮಾತು ಮೆತ್ತಗೆ, ಒಳ್ಳೆಯವನೇ ಇರಬೇಕು" ಅನ್ನುತ್ತಾರಲ್ಲ? ಒಳ್ಳೆಯವರೂ ಕಾಲು ಮುಟ್ಟುತ್ತಾರೆ, ಕಾಲು ಹಿಡಿದು ಎಳೆಯುವವರೂ ಮುಟ್ಟುತ್ತಾರೆ.

ಇಂಥ ಕಾರಣಕ್ಕೆ ಜನ ಹೇಗೆ ಬೀಳುತ್ತಾರೆ ನೋಡು. 1920ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪೊಂಝಿ ಎಂಬವನು 45 ದಿನಕ್ಕೆ ಶೇ 50ರಷ್ಟು ಲಾಭ ಕೊಡುತ್ತೇನೆಂದ. ಕಾರಣವೂ ಇತ್ತು: ಅಂಚೆಯ ಮರುತ್ತರ ಕೂಪನ್ನು, ಅಂದರೆ ಉತ್ತರ ಬರೆಯಲು ಅಂಚೆಚೀಟಿಗೆ ಬದಲಾಯಿಸಿಕೊಳ್ಳುವ ಚೀಟಿ, ಬೇರೆ ದೇಶದಲ್ಲಿ ಅಗ್ಗ, ಅಮೆರಿಕದಲ್ಲಿ ತುಟ್ಟಿ. ಅಷ್ಟರಮಟ್ಟಿಗೆ ಮಾತು ನಿಜ. ಮೊದಲು ಬಂದವರಿಗೆ ದುಡ್ಡನ್ನೂ ಕೊಟ್ಟ. "ಕೊಡುತ್ತಿದ್ದಾನಲ್ಲ, ವ್ಯವಹಾರ ನೆಟ್ಟಗಿದೆ" ಎಂದು ಜನ ಮುಗಿಬಿದ್ದರು. ಕೊಡುತ್ತಿದ್ದದ್ದು ಆಮೇಲೆ ಬಂದವರ ದುಡ್ಡು! ಅವನ ಮಾತು ನಿಜವಾಗಬೇಕಾದರೆ ಸುಮಾರು 16 ಕೋಟಿ ಕೂಪನ್ ಬೇಕಿತ್ತು, ಚಲಾವಣೆಯಲ್ಲಿದ್ದದ್ದು 27,000ದಷ್ಟು. ಪತ್ರಕರ್ತ ಕ್ಲಾರೆನ್ಸ್ ಬ್ಯಾರನ್ ಲೆಕ್ಕ ಹಾಕಿದ್ದಕ್ಕೆ ಇದು ಬಯಲಾಯಿತು. ಪ್ರಾಮಾಣಿಕನೂ ಹೇಳಿದ ದಿನಕ್ಕೆ ದುಡ್ಡು ಕೊಡುತ್ತಾನೆ, ವಂಚಕನೂ ಕೊಡುತ್ತಾನೆ, ಸ್ವಲ್ಪ ದಿನ.

ಹಾಗೆಂದು ಹೊಸ ಪದ ಸಿಕ್ಕಿತೆಂದು ಮನೆಯವರ ಮೇಲೆಲ್ಲ ಬೀಸಬೇಡ. ನಿನಗೆ ಹಿಡಿಸದ ಬುದ್ಧಿಮಾತು ಹೇತ್ವಾಭಾಸವಲ್ಲ. ಬರೀ ಸುಳ್ಳೂ ಹೇತ್ವಾಭಾಸವಲ್ಲ. ಮೇಲ್ನೋಟಕ್ಕೆ ಒಪ್ಪಬೇಕು, ಒರೆಗೆ ಹಚ್ಚಿದರೆ ನಿಲ್ಲಬಾರದು. ಅಂಥದ್ದಕ್ಕೆ ಮಾತ್ರ ಆ ಹೆಸರು. ನಿನ್ನ ಬಾಯಲ್ಲೇ ಅಂಥವು ಬೇಕಾದಷ್ಟಿವೆ: "ಗೆಳೆಯ ಓದದೆಯೇ ಪಾಸಾದ, ಹಾಗಾಗಿ ನಾನೂ ಆಗುತ್ತೇನೆ." ಓದದೆ ಪಾಸಾದವನನ್ನು ಲೆಕ್ಕಕ್ಕೆ ಹಿಡಿದೆ, ಓದದೆ ಫೇಲಾದವರನ್ನು ಯಾಕೆ ಬಿಟ್ಟೆ? ಬೇರೆಯವರು ಹೇಳುವ ಸುಳ್ಳು ಕಾರಣಕ್ಕಿಂತ ನಮಗೆ ನಾವೇ ಹೇಳಿಕೊಳ್ಳುವುದು ಹೆಚ್ಚು ಕೆಡಿಸುತ್ತದೆ, ಯಾಕೆಂದರೆ ಅದನ್ನು ಅಲ್ಲಗಳೆಯುವವರು ಯಾರೂ ಇರುವುದಿಲ್ಲ.

ಇನ್ನು ಮೇಲೆ ಯಾರೇ ಕಾರಣ ಕೊಡಲಿ, ಒಂದೇ ಪ್ರಶ್ನೆ ಕೇಳಿಕೊ: ಮೋಸ ಮಾಡುವವನೂ ಇದನ್ನೇ ಹೇಳಬಹುದಿತ್ತಲ್ಲವೇ? ಹೌದು ಅನ್ನಿಸಿದರೆ ಆ ದಿನ ಜೇಬಿಗೆ ಕೈ ಹಾಕಬೇಡ, ಸಹಿ ಹಾಕಬೇಡ, ಮಾತೂ ಕೊಡಬೇಡ.